ಕೊಂಡಪಲ್ಲಿಯ ಬೊಂಬೆಯೂ ಕೊಂಡವನ ಒಡೆತನವೂ

ವಿಜಯವಾಡದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಪೂರ್ವಘಟ್ಟದ ತಗ್ಗು ಬೆಟ್ಟಗಳ ಮಗ್ಗುಲಲ್ಲಿರುವ ಕೊಂಡಪಲ್ಲಿಯ ಹೆಸರು ಕನ್ನಡಿಗರ ಕಿವಿಗೆ ಬೀಳುವುದು ಎರಡು ಕಾರಣಗಳಿಂದ: ಒಂದು ಅಲ್ಲಿಯ ದುರ್ಗ, ಮತ್ತೊಂದು ಅಲ್ಲಿಯ ಬೊಂಬೆ. 14ನೆಯ ಶತಮಾನದಲ್ಲಿ ರೆಡ್ಡಿ ಅರಸರ ಆಳ್ವಿಕೆಯಲ್ಲಿ ಎದ್ದ ಆ ದುರ್ಗವು ಮುಂದೆ ಗಜಪತಿಗಳ ಕೈಸೇರಿ, ಶ್ರೀಕೃಷ್ಣದೇವರಾಯನ ಕಳಿಂಗ ದಂಡಯಾತ್ರೆಯಲ್ಲಿ ವಿಜಯನಗರದ ವಶವಾಯಿತು. ತರುವಾಯ ಗೋಲ್ಕೊಂಡದ ಸುಲ್ತಾನರೂ, ಅವರ ಬಳಿಕ ಮೊಗಲರೂ ನಿಜಾಮರೂ ಅದನ್ನು ಆಳಿದರು. 1766ರಲ್ಲಿ ಅದು ಆಂಗ್ಲರ ಪಾಲಾಯಿತು. ದುರ್ಗದ ಮೇಲೆ ಬಾವುಟಗಳು ಇಷ್ಟು ಸಲ ಬದಲಾದರೂ, ಅದರ ಬುಡದ ಊರಿನಲ್ಲಿ ಬೊಂಬೆಯ ಕಸುಬು ನಡೆದೇ ಬಂದಿತು. ಕೋಟೆಯ ಚರಿತ್ರೆಯಲ್ಲಿ ಗೆದ್ದವನು ಒಡೆಯ. ಬೊಂಬೆಯ ಚರಿತ್ರೆಯಲ್ಲಿ ಕೊಂಡವನು ಒಡೆಯ. ಈ ಎರಡನೆಯ ನ್ಯಾಯವು ನಮ್ಮ ಕಾಲದಲ್ಲಿ, ಬಹುಮಂದಿಯ ಗಮನಕ್ಕೂ ಬಾರದಂತೆ, ಸಡಿಲವಾಗುತ್ತಿರುವುದರಿಂದ ಅದರ ಪೂರ್ವೋತ್ತರಗಳನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತವಾಗಿದೆ.

ಕೊಂಡಪಲ್ಲಿಯ ಬೊಂಬೆ ಹುಟ್ಟುವುದು ತೆಲ್ಲಪೊಣಿಕಿ ಎಂಬ ಹಗುರವಾದ, ಮೆದುವಾದ ಮರದಿಂದ. ಸುತ್ತಲಿನ ಬೆಟ್ಟದ ಕಾಡಿನಿಂದ ತಂದ ಆ ಮರವನ್ನು ಚೆನ್ನಾಗಿ ಒಣಗಿಸಿ, ತೇವವನ್ನೆಲ್ಲ ಹೋಗಲಾಡಿಸಿ, ಕೈಯೊಂದು, ತಲೆಯೊಂದು, ಮುಂಡವೊಂದು ಎಂಬಂತೆ ಅವಯವಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿಗೆ ಮರದ ಹೊಟ್ಟನ್ನು ಕಲಸಿದ ಮುದ್ದೆಯಿಂದ ಅವನ್ನು ಕೂಡಿಸಿ, ಸುಣ್ಣದ ಲೇಪ ಕೊಟ್ಟು, ಕಡೆಗೆ ನವುರಾದ ಕುಂಚದಿಂದ ಬಣ್ಣ ತುಂಬುತ್ತಾರೆ. ದಶಾವತಾರ, ಅಂಬಾರಿಯ ಆನೆ, ಎತ್ತಿನ ಗಾಡಿ, ತಾಳೆಮರವನ್ನೇರುವ ಮನುಷ್ಯ, ತಲೆದೂಗುವ ನರ್ತಕಿ: ಪುರಾಣವೂ ಹಳ್ಳಿಯ ನಿತ್ಯಜೀವನವೂ ಅಲ್ಲಿ ಸರಿಸಮವಾಗಿ ರೂಪತಾಳುತ್ತವೆ. ಈ ಕಸುಬನ್ನು ಕುಲವೃತ್ತಿಯಾಗಿ ನಡೆಸಿಕೊಂಡು ಬಂದವರು ಆರ್ಯಕ್ಷತ್ರಿಯರು. ತಮ್ಮ ಹಿರಿಯರು ರಾಜಸ್ಥಾನದಿಂದ ಬಂದವರೆಂಬುದು ಅವರ ಪರಂಪರೆಯ ನಂಬಿಕೆ, ಮುಕ್ತಋಷಿಯು ಅವರು ಸ್ಮರಿಸುವ ಮೂಲಪುರುಷ.

ಇಂಥ ಬೊಂಬೆಯೊಂದನ್ನು ಕೊಳ್ಳುವ ವ್ಯವಹಾರದ ಸ್ವರೂಪವನ್ನು ನೋಡಬೇಕು. ಬೆಲೆ ಗೊತ್ತಾಯಿತು, ಹಣ ಸಂದಿತು, ಬೊಂಬೆ ಕೈಸೇರಿತು. ಆ ಕ್ಷಣದಲ್ಲಿ ಮಾಡಿದವನ ಅಧಿಕಾರ ಸಂಪೂರ್ಣವಾಗಿ ನಿವೃತ್ತವಾಯಿತು. ಸಂಕ್ರಾಂತಿಯಲ್ಲಿ ತೆಲುಗರ ಮನೆಯ ಬೊಮ್ಮಲ ಕೊಲುವಿನಲ್ಲಾಗಲಿ, ನವರಾತ್ರಿಯಲ್ಲಿ ಮೈಸೂರಿನ ಮನೆಯ ಗೊಂಬೆಹಬ್ಬದಲ್ಲಾಗಲಿ, ಅದನ್ನು ಯಾವ ಮೆಟ್ಟಿಲ ಮೇಲೆ ಕೂರಿಸಬೇಕು, ಯಾರಿಗೆ ದಾನ ಕೊಡಬೇಕು, ಮಗಳ ಮದುವೆಯಲ್ಲಿ ಬಳುವಳಿಯಾಗಿ ಕಳುಹಿಸಬೇಕೆ, ಕೈ ಮುರಿದಾಗ ಯಾವ ಬಡಗಿಯಿಂದ ಕೂಡಿಸಬೇಕು, ಎಂಬುದೆಲ್ಲವೂ ಗೃಹಸ್ಥರ ಇಚ್ಛೆ. ಆ ಮನೆಯಲ್ಲಿ ಎಷ್ಟು ಜನ, ಅವರ ಆದಾಯವೆಷ್ಟು, ಮಕ್ಕಳು ಬೊಂಬೆಯೊಡನೆ ಎಷ್ಟು ಹೊತ್ತು ಆಡುವರು, ಎಂಬುದನ್ನು ಬೊಂಬೆಗಾರನು ಅರಿಯನು. ಅರಿಯಬೇಕಾದ ಕಾರಣವೂ ಅವನಿಗಿಲ್ಲ. ಅವನ ಬದುಕೇನೂ ಸುಖದ ಬದುಕಾಗಿರಲಿಲ್ಲ: ಮರದ ಅಭಾವ, ಮಧ್ಯವರ್ತಿಗಳ ಲಾಭ, ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿ, ಇವೆಲ್ಲವೂ ಅವನನ್ನು ಹಣ್ಣುಮಾಡಿದುವು. ಅವನ ರಕ್ಷಣೆಗಾಗಿ ನಮ್ಮ ದೇಶ ಮಾಡಿದ ಕಾನೂನು ಉಂಟು: 1999ರ ಭೌಗೋಳಿಕ ಸೂಚಕಗಳ ಅಧಿನಿಯಮ. 2003ರಲ್ಲಿ ಜಾರಿಗೆ ಬಂದ ಅದರ ಅಡಿಯಲ್ಲಿ ಕೊಂಡಪಲ್ಲಿಯ ಬೊಂಬೆಗೂ ನಮ್ಮ ಚನ್ನಪಟ್ಟಣದ ಬೊಂಬೆಗೂ ಮಾನ್ಯತೆ ದೊರೆತು, ಹೊರಗಿನವರು ಆ ಊರುಗಳ ಹೆಸರನ್ನು ತಮ್ಮ ಸರಕಿಗೆ ಅಂಟಿಸಿಕೊಳ್ಳುವುದು ನಿಷಿದ್ಧವಾಯಿತು. ಈ ಕಾನೂನು ಮಾಡಿದವರ ಹೆಸರನ್ನು ಕಾಯುತ್ತದೆ. ಮಾರಿದ ಮೇಲೆ ಬೊಂಬೆಯ ಮೇಲೆ ಎಳ್ಳಷ್ಟು ಹಕ್ಕನ್ನೂ ಅವರಿಗೆ ಉಳಿಸುವುದಿಲ್ಲ. ಕರ್ತೃವಿನ ಗೌರವ ಒಂದು, ಕೊಂಡವನ ಸ್ವಾತಂತ್ರ್ಯ ಒಂದು. ಒಂದಕ್ಕಾಗಿ ಮತ್ತೊಂದು ಬಲಿಯಾಗಬೇಕಾಗಿಲ್ಲವೆಂಬುದಕ್ಕೆ ಇದೇ ನಿದರ್ಶನ.

ಹಾಗಾದರೆ ಪೂರ್ವಕಾಲದಲ್ಲಿ ಮನೆಯ ಒಳಗನ್ನು ಅರಿಯಲು ಹವಣಿಸಿದವರೇ ಇರಲಿಲ್ಲವೆ? ಇದ್ದರು; ಆದರೆ ಅವರು ವರ್ತಕರಲ್ಲ, ಅರಸರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಗೋಪ'ನೆಂಬ ಅಧಿಕಾರಿಯ ವರ್ಣನೆಯಿದೆ. ಐದೋ ಹತ್ತೋ ಗ್ರಾಮಗಳಿಗೆ ಒಬ್ಬನಂತೆ ನಿಯುಕ್ತನಾದ ಅವನು ಮನೆಮನೆಯ ಸ್ತ್ರೀಪುರುಷರು, ಬಾಲವೃದ್ಧರು, ಅವರ ವೃತ್ತಿ, ನಡತೆ, ಆಯವ್ಯಯ, ಎಲ್ಲವನ್ನೂ ಬರೆದಿಡಬೇಕು. ಅವನ ಲೆಕ್ಕ ನಿಜವೋ ಅಲ್ಲವೋ ಎಂದು ನೋಡಲು ಗೃಹಸ್ಥರ ವೇಷದ ಗೂಢಚಾರರು ಬೇರೆ. ಆದರೆ ಅದೇ ಗ್ರಂಥದಲ್ಲಿ ವರ್ತಕನ ತೂಕದ ಕಲ್ಲುಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಬೇಕೆಂಬ ವಿಧಿಯೂ ಇದೆ. ಅಂದರೆ, ಅರಸನು ಪ್ರಜೆಯ ಮೇಲೆ ಕಣ್ಣಿಟ್ಟಿದ್ದನು, ವರ್ತಕನ ಮೇಲೂ ಕಣ್ಣಿಟ್ಟಿದ್ದನು. ವರ್ತಕನು ಗಿರಾಕಿಯ ಮೇಲೆ ಕಣ್ಣಿಡಬಹುದೆಂಬ ಊಹೆ ಆ ಸರ್ವಜ್ಞಪ್ರಾಯನಾದ ರಾಜನೀತಿಜ್ಞನಿಗೂ ಬಂದಂತಿಲ್ಲ.

ಆ ಊಹೆ ನಿಜವಾದದ್ದು ನಮ್ಮ ಕಾಲದಲ್ಲಿ. ಗಣಕಯಂತ್ರಗಳು ಮನೆಗಳಿಗೆ ಬರತೊಡಗಿದ 1976ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದು, ತಂತ್ರಾಂಶವನ್ನು ಹಣ ತೆರದೆ ನಕಲಿಸಿಕೊಳ್ಳುವುದು ಕಳವೆಂದು ಆಕ್ಷೇಪಿಸಿದರು. ಶ್ರಮಕ್ಕೆ ಪ್ರತಿಫಲ ಬೇಕೆಂಬ ಆ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಉದ್ಯಮವು ಅಲ್ಲಿಗೆ ನಿಲ್ಲದೆ, ತಂತ್ರಾಂಶವನ್ನು ಮಾರುವುದನ್ನೇ ಬಿಟ್ಟು, ಬಳಸಲು ಪರವಾನಗಿಯನ್ನು ಮಾತ್ರ ಕೊಡುವ ಪದ್ಧತಿಯನ್ನು ಬೆಳೆಸಿತು: ಹಣ ಕೊಟ್ಟವನು ಒಡೆಯನಲ್ಲ, ಷರತ್ತಿಗೊಳಪಟ್ಟ ಬಾಡಿಗೆದಾರ. ಇದನ್ನು ಪ್ರತಿಭಟಿಸಿ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಯೋಜನೆಯನ್ನು ಘೋಷಿಸಿ, ಬಳಸುವವನಿಗೆ ತಂತ್ರಾಂಶವನ್ನು ಪರಿಶೀಲಿಸುವ, ತಿದ್ದುವ, ಹಂಚುವ ಸ್ವಾತಂತ್ರ್ಯವಿರಬೇಕೆಂದು ವಾದಿಸಿದರು.

ಈ ಪರಾಧೀನತೆಯ ರುಚಿಯನ್ನು ಕನ್ನಡಿಗರು ಬೇಗನೆ ಕಂಡರು. ಕನ್ನಡ ಅಚ್ಚಿನ ಕೆಲಸ ಗಣಕಯಂತ್ರಕ್ಕೆ ಹೊಕ್ಕ ದಿನಗಳಲ್ಲಿ ಒಂದೊಂದು ಸಂಸ್ಥೆ ಅಕ್ಷರಗಳಿಗೆ ಒಂದೊಂದು ಸಂಕೇತಕ್ರಮವನ್ನು ಇಟ್ಟುಕೊಂಡಿದ್ದಿತು; ಒಂದರಲ್ಲಿ ಬರೆದ ಕಾದಂಬರಿಯನ್ನೋ ಕಾಗದವನ್ನೋ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು. ಬರಹ ಲೇಖಕನದಾದರೂ ಅದನ್ನು ಓದುವ ಉಪಾಯ ಪರರ ಕೈಯಲ್ಲಿ ಉಳಿಯಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ', ಕಡೆಗೆ ಎಲ್ಲ ಯಂತ್ರಗಳಿಗೂ ಸಮಾನವಾದ ಯೂನಿಕೋಡ್, ಇವುಗಳಿಂದ ಕನ್ನಡದ ಅಕ್ಷರ ಮೆಲ್ಲಮೆಲ್ಲನೆ ಸಾರ್ವಜನಿಕರ ಸ್ವತ್ತಾಯಿತು. ಮಿಕ್ಕ ಜಗತ್ತು ಈ ಪರಾಧೀನತೆಯನ್ನು ಬೇರೊಂದು ರೀತಿಯಲ್ಲಿ ಕಂಡಿತು. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು, ಮಾರಿದವರಿಗೆ ಮಾರುವ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ಲರ ಪುಸ್ತಕಗಳನ್ನು ಗ್ರಾಹಕರ ಕಿಂಡಲ್ ಓದುಯಂತ್ರಗಳೊಳಗಿನಿಂದಲೇ ದೂರದಿಂದ ಅಳಿಸಿತು. ಹಣ ಹಿಂದಿರುಗಿತು, ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಯಾಚಿಸಿದರು, ನಿಜ. ಆದರೆ ಕೊಂಡವನ ಕಪಾಟಿನೊಳಕ್ಕೆ ಮಾರಿದವನ ಕೈ ಚಾಚಬಲ್ಲುದೆಂಬುದು ಅಂದು ಲೋಕಕ್ಕೆ ಸ್ಥಿರಪಟ್ಟಿತು. ಇಂದಿನ ಫೋನು, ದೂರದರ್ಶನ, ಕಾರು, ಮಕ್ಕಳ ಆಟಿಕೆ ಕೂಡ, ಅಂತರ್ಜಾಲಕ್ಕೆ ಜೋಡಿಸಿದೊಡನೆ ಆ ಕೈಗೆ ಎಟುಕುತ್ತವೆ. ಕೈಯೊಡನೆ ಕಣ್ಣಿಗೂ ಎಟುಕುತ್ತವೆ. ಗೋಪನು ವರ್ಷಗಟ್ಟಲೆ ಅಲೆದು ಸಂಗ್ರಹಿಸುತ್ತಿದ್ದ ವೃತ್ತಾಂತವನ್ನು, ಅಷ್ಟಲ್ಲ, ಅವನಿಗೆಂದೂ ದೊರೆಯದಿದ್ದ ಮನಸ್ಸಿನ ಒಲವುಗಳನ್ನೂ, ನಾವು ಕೊಂಡ ವಸ್ತುವೇ ಕ್ಷಣಕ್ಷಣಕ್ಕೂ ವರ್ತಕನಿಗೆ ಒಪ್ಪಿಸುತ್ತಿದೆ.

ಇದಕ್ಕೆ ಎದುರಾಗಿ ನ್ಯಾಯಪೀಠದ ಮುಂದೆ ನಿಂತವರಲ್ಲಿ ಅಗ್ರಗಣ್ಯರು ಕನ್ನಡಿಗರೇ ಆಗಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು, 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ಪಕ್ಷ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಕಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಐವರ ಪೀಠವು ಬಹುಮತದಿಂದ ಆಧಾರ್ ಕಾನೂನನ್ನು ಎತ್ತಿಹಿಡಿಯಿತಾದರೂ, ಖಾಸಗಿ ಸಂಸ್ಥೆಗಳು ಆಧಾರನ್ನು ಕೇಳಲು ಆಸ್ಪದವಿತ್ತಿದ್ದ ಅವಕಾಶವನ್ನು ತೊಡೆದುಹಾಕಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವೂ ಬಂದಿತು.

ಆದರೂ ಕಾನೂನು ಅರ್ಧ ದಾರಿಯನ್ನು ಮಾತ್ರ ಕ್ರಮಿಸಿದೆ. ನಮ್ಮ ವೃತ್ತಾಂತದ ಮೇಲೆ ನಮಗೆ ಹಕ್ಕುಂಟೆಂದು ಒಪ್ಪಿದ ಮೇಲೆ, ನಾವು ಹಣ ಕೊಟ್ಟು ತಂದ ವಸ್ತುವಿನ ಮೇಲೂ ನಮ್ಮ ಹಕ್ಕು ಪೂರ್ಣವಾಗಬೇಕು. ಮಾರಿದ ವಸ್ತುವನ್ನು ಕೊಂಡವನ ಅನುಮತಿಯಿಲ್ಲದೆ ಮಾರ್ಪಡಿಸುವ, ಕುಂಠಿತಗೊಳಿಸುವ, ಹಿಂತೆಗೆಯುವ ಅಧಿಕಾರ ಯಾವ ಸಂಸ್ಥೆಗೂ ಇರಕೂಡದು. ಮುರಿದುದನ್ನು ಇಷ್ಟಬಂದ ಕುಶಲಿಯಿಂದ ದುರಸ್ತಿ ಮಾಡಿಸಿಕೊಳ್ಳಲು ಯಾವ ಬೀಗವೂ ಅಡ್ಡಿಯಾಗಕೂಡದು. ವಸ್ತು ತನ್ನ ಕೆಲಸಕ್ಕೆ ಅವಶ್ಯವಾದುದಕ್ಕಿಂತ ಹೆಚ್ಚಿನ ಒಂದಕ್ಷರವನ್ನೂ ಹೊರಗೆ ಒಯ್ಯಕೂಡದು. ಹುಣಸೆಬೀಜದ ಅಂಟಿನಿಂದ ಜೀವನ ಸಾಗಿಸಿದ ಬಡ ಕಸುಬುದಾರರು ಶತಮಾನಗಳ ಕಾಲ ಯಾವ ಅಧಿನಿಯಮದ ಬಲವಂತವೂ ಇಲ್ಲದೆ ಪಾಲಿಸಿದ ಈ ಧರ್ಮವು, ಅಪಾರ ಸಂಪತ್ತುಳ್ಳ ಸಂಸ್ಥೆಗಳಿಗೆ ಅಸಾಧ್ಯವೆಂದು ಹೇಳುವುದು ಒಪ್ಪತಕ್ಕ ಮಾತಲ್ಲ. ಎಂಬತ್ತು ದಾಟಿದ ಒಬ್ಬ ಹಿರಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದುದರಿಂದ ಇಡೀ ದೇಶಕ್ಕೆ ಒಂದು ಹಕ್ಕು ದೃಢವಾಯಿತು. ಮಿಕ್ಕ ಹಕ್ಕುಗಳನ್ನು ಪಡೆಯುವ ಭಾರ, ಪ್ರತಿದಿನವೂ ಕೊಳ್ಳುವವರಾದ ನಮ್ಮೆಲ್ಲರ ಮೇಲಿದೆ.