ಕಡಲತೀರದ ಲೋಳೆಮೀನು: ಕುಟುಕಿದರೆ ಏನು ಮಾಡಬೇಕು?

ಮಂಗಳೂರು: ಮಳೆಗಾಲದ ಅಬ್ಬರ ಇಳಿದು ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಕಡಲತೀರಗಳಿಗೆ ಪ್ರವಾಸಿಗರು ಮರಳುವ ಹೊತ್ತಿಗೆ ದಡದ ನೀರಿನಲ್ಲಿ ಮತ್ತೊಂದು ಅತಿಥಿಯೂ ಕಾಣಿಸಿಕೊಳ್ಳುವುದುಂಟು. ಅದೇ ಜೆಲ್ಲಿಫಿಶ್, ಅರ್ಥಾತ್ ಲೋಳೆಮೀನು.

ಹೆಸರಿನಲ್ಲಿ ಮೀನಿದ್ದರೂ ಇದು ಮೀನಲ್ಲ. ಮೂಳೆ, ಮೆದುಳು, ಹೃದಯಗಳಿಲ್ಲದ, ದೇಹದ ಸುಮಾರು ಶೇ. 95 ಭಾಗ ನೀರೇ ಆಗಿರುವ ಈ ಜೀವಿ ಹವಳದ ಸಂಬಂಧಿ. ಮುಂಗಾರಿನ ದಿನಗಳಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಂಪು ನೀರು ಪೋಷಕಾಂಶಗಳೊಂದಿಗೆ ಮೇಲೇರುತ್ತದೆ. ಅದರಿಂದ ಪ್ಲವಕಗಳು ಹೆಚ್ಚುತ್ತವೆ. ಅವನ್ನು ತಿನ್ನುವ ಲೋಳೆಮೀನುಗಳೂ ಹೆಚ್ಚುತ್ತವೆ. ಈಜುವ ಶಕ್ತಿ ಅಲ್ಪವಾದ್ದರಿಂದ ಗಾಳಿ ಮತ್ತು ಪ್ರವಾಹ ಒಯ್ದತ್ತ ಸಾಗಿ ದಡ ಸೇರುತ್ತವೆ.

ನೆರೆಯ ಗೋವಾದಲ್ಲಿ 2020ರ ನವೆಂಬರ್‌ನಲ್ಲಿ ಎರಡೇ ದಿನಗಳಲ್ಲಿ 90ಕ್ಕೂ ಹೆಚ್ಚು ಮಂದಿ ಕುಟುಕಿಗೆ ಒಳಗಾಗಿದ್ದರು. 2018ರ ಆಗಸ್ಟ್‌ನಲ್ಲಿ ಮುಂಬಯಿಯ ಜುಹು ತೀರದಲ್ಲಿ ಸುಮಾರು 150 ಮಂದಿಯನ್ನು ಬಾಧಿಸಿದ್ದು ‘ನೀಲಿ ಬಾಟಲಿ’. ಅದು ನಿಜವಾದ ಲೋಳೆಮೀನೂ ಅಲ್ಲ. ಅನೇಕ ಕಿರುಜೀವಿಗಳು ಒಂದಾಗಿ ತೇಲುವ ಸಮೂಹ.

ಕುಟುಕುವ ಬಗೆ

ಲೋಳೆಮೀನಿನ ಎಳೆಗಳ ತುಂಬ ಸೂಕ್ಷ್ಮ ಕೋಶಗಳಿವೆ. ಒಂದೊಂದರಲ್ಲಿಯೂ ಸುರುಳಿ ಸುತ್ತಿದ ವಿಷದ ಮುಳ್ಳು. ಚರ್ಮ ತಗಲಿದ ಕ್ಷಣಾರ್ಧದಲ್ಲಿ ಅದು ಚಿಮ್ಮಿ ಒಳಹೊಗುತ್ತದೆ. ಇದಕ್ಕೆ ಪ್ರಾಣಿಯ ಇಚ್ಛೆ ಬೇಕಿಲ್ಲ, ಪ್ರಾಣವೂ ಬೇಕಿಲ್ಲ. ಮರಳಿನ ಮೇಲೆ ಸತ್ತು ಬಿದ್ದ ಲೋಳೆಮೀನೂ, ತುಂಡಾದ ಎಳೆಯೂ ಕುಟುಕಬಲ್ಲವು. ಮಕ್ಕಳು ನೀಲಿ ಗುಳ್ಳೆಯನ್ನು ಆಟಿಕೆಯೆಂದು ಎತ್ತಿಕೊಳ್ಳುವುದು ಇಲ್ಲಿನ ದೊಡ್ಡ ಅಪಾಯ.

ಎಲ್ಲ ಜಾತಿಗಳೂ ಸಮಾನ ವಿಷಕಾರಿಗಳಲ್ಲ. ಬಹುತೇಕ ಕುಟುಕುಗಳು ಉರಿ, ಕೆಂಪು ಬರೆ, ತುರಿಕೆಯಲ್ಲಿ ಮುಗಿಯುತ್ತವೆ. ಪೆಟ್ಟಿಗೆಯಾಕಾರದ ಕೆಲವು ಜಾತಿಗಳು ಮಾತ್ರ ಪ್ರಾಣಾಂತಿಕ.

ಪ್ರಥಮ ಚಿಕಿತ್ಸೆ

ಮೊದಲು ನೀರಿನಿಂದ ಹೊರಬರಬೇಕು. ನೋವಿನ ಗಾಬರಿಯಲ್ಲಿ ಮುಳುಗುವ ಅಪಾಯ ವಿಷಕ್ಕಿಂತ ಕಡಿಮೆಯೇನಲ್ಲ. ಗಾಯವನ್ನು ಉಜ್ಜಬಾರದು, ಮರಳು ತಿಕ್ಕಬಾರದು. ಸಿಹಿನೀರು ಸುರಿದರೆ ಸಿಡಿಯದೆ ಉಳಿದ ಕೋಶಗಳೂ ಸಿಡಿಯಬಹುದು. ಆದ್ದರಿಂದ ಸಮುದ್ರದ ನೀರಿನಲ್ಲಿಯೇ ತೊಳೆಯಬೇಕು. ಅಂಟಿದ ಎಳೆಗಳನ್ನು ಚಿಮಟದಿಂದ ಎತ್ತಿ ತೆಗೆಯಬೇಕು. ಕಾರ್ಡಿನ ಅಂಚಿನಿಂದ ಕೆರೆಯಬೇಕೆಂಬ ಹಳೆಯ ಸಲಹೆಯನ್ನು ಈಗ ತಜ್ಞರು ಒಪ್ಪುವುದಿಲ್ಲ, ಒತ್ತಡದಿಂದ ವಿಷ ಇನ್ನಷ್ಟು ಇಳಿಯುತ್ತದೆ.

ಮಂಗಳೂರಿನ ಅಡುಗೆಮನೆಗಳಲ್ಲಿ ಸುಲಭವಾಗಿ ಸಿಗುವ ವಿನೆಗರ್ ಪೆಟ್ಟಿಗೆ ಜಾತಿಯ ಕುಟುಕಿಗೆ ಉಪಯುಕ್ತ. ನೀಲಿ ಬಾಟಲಿಯ ಕುಟುಕಿಗೆ ಅದನ್ನು ಬಳಸಬೇಕೇ ಎಂಬುದರಲ್ಲಿ ಒಮ್ಮತವಿಲ್ಲ; ಆಸ್ಟ್ರೇಲಿಯದ ಮಾರ್ಗಸೂಚಿ ಬೇಡವೆನ್ನುತ್ತದೆ. ನೋವಿಗೆ ಬಿಸಿನೀರೇ ಉತ್ತಮ: ಸುಮಾರು 45 ಡಿಗ್ರಿ ಸೆಲ್ಸಿಯಸ್, ಅಂದರೆ ಚರ್ಮ ಸುಡದೆ ತಾಳಬಲ್ಲಷ್ಟು ಬಿಸಿಯ ನೀರಿನಲ್ಲಿ 20 ನಿಮಿಷ ಆ ಭಾಗವನ್ನು ಅದ್ದಿಡಬೇಕು. ಮೂತ್ರ ಸುರಿಯುವ ಉಪಾಯವನ್ನು 1997ರಲ್ಲಿ ‘ಫ್ರೆಂಡ್ಸ್’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿ ಜಗತ್ತಿಗೆಲ್ಲ ಹರಡಿತು. ಅದರಿಂದ ಪ್ರಯೋಜನವಿಲ್ಲ.

ಉಸಿರಾಟದ ತೊಂದರೆ, ಎದೆನೋವು, ವಾಂತಿ, ಮುಖದ ಊತ ಕಂಡರೆ ಅಥವಾ ಮೈಯ ಹೆಚ್ಚಿನ ಭಾಗಕ್ಕೆ ಎಳೆ ಸುತ್ತಿದ್ದರೆ 108ಕ್ಕೆ ಕರೆಮಾಡಿ ವೆನ್ಲಾಕ್‌ನಂಥ ಸುಸಜ್ಜಿತ ಆಸ್ಪತ್ರೆಗೆ ಸಾಗಿಸಬೇಕು.

ಮೀನುಗಾರರ ಪಾಡು

ಪ್ರವಾಸಿಗರಿಗೆ ಇದು ಒಂದು ದಿನದ ಉರಿ. ಮೀನುಗಾರರಿಗೆ ಕಸುಬಿನ ಭಾಗ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಬಳಿಕ ಬಲೆಗೆ ಮೀನಿನ ಬದಲು ಲೋಳೆಮೀನೇ ತುಂಬಿದರೆ ಬಲೆ ಹರಿಯುತ್ತದೆ, ಸಿಕ್ಕ ಮೀನೂ ಕೆಡುತ್ತದೆ. ಕೈರಂಪಣಿ ಎಳೆಯುವವರ ಕೈ, ತೊಡೆಗಳಿಗೆ ಲೋಳೆ ತಗಲುತ್ತದೆ. ಬಲೆ ಕೊಡವುವಾಗ ಕಣ್ಣಿಗೆ ಸಿಡಿಯುವುದು ಇನ್ನೂ ಗಂಭೀರ. ಆಗ ವಿನೆಗರ್ ಹಾಕಲೇಬಾರದು. ಶುದ್ಧ ಉಪ್ಪುದ್ರಾವಣದಿಂದ ಕಣ್ಣು ತೊಳೆದು, ಉರಿ ಇಳಿದರೂ ಅದೇ ದಿನ ನೇತ್ರತಜ್ಞರಿಗೆ ತೋರಿಸಬೇಕು.