ಕನ್ನಡಿಯಲ್ಲಿ ಬಿಸಿಲು ಹಿಡಿದವರು

ಊದ್ ಮೇಥಾದ ಇಂಡಿಯನ್ ಹೈಸ್ಕೂಲಿನ ಶೇಖ್ ರಾಶಿದ್ ಸಭಾಂಗಣ ಯುಎಇಯ ಕನ್ನಡಿಗರಿಗೆ ಹೊಸತಲ್ಲ. ಅಲ್ಲಿ ನಮ್ಮ ಮಕ್ಕಳು ವೇದಿಕೆಯೇರಿದೊಡನೆ ಸಭಿಕರ ಮೊಬೈಲುಗಳೆಲ್ಲ ಒಮ್ಮೆಗೇ ಮೇಲೇಳುತ್ತವೆ. ಮರುದಿನ ಆ ಚಿತ್ರಗಳನ್ನು ತಿದ್ದಿ, ಸಂಗೀತ ಬೆರೆಸಿ, ವಿಡಿಯೋ ಮಾಡುವವರೂ ಬಹುಮಟ್ಟಿಗೆ ಮಕ್ಕಳೇ. ಚಲಿಸುವ ಚಿತ್ರದ ಈ ವಿದ್ಯೆಯನ್ನು ಭಾರತದಲ್ಲಿ ಸರ್ಕಾರಿ ಸಂಸ್ಥೆಯೊಂದು ಮೊದಲು ತರಗತಿಯಲ್ಲಿ ಕಲಿಸತೊಡಗಿದ್ದು ಬೆಂಗಳೂರಿನಲ್ಲಿ ಎಂಬ ಸಂಗತಿ ಮಾತ್ರ ಹಿರಿಯರಾದ ನಮ್ಮಲ್ಲೂ ಅನೇಕರಿಗೆ ತಿಳಿದಂತಿಲ್ಲ.

ವರ್ಷ 1943. ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ರೂಪುಗೊಂಡ, ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾದ ಸಂಸ್ಥೆಯಲ್ಲಿ ಛಾಯಾಗ್ರಹಣದ ಶಿಕ್ಷಣ ಆರಂಭವಾಯಿತು. ಪುಣೆಯ ಚಲನಚಿತ್ರ ಸಂಸ್ಥೆ ಹುಟ್ಟಿದ್ದು 1960ರಲ್ಲಿ. ಸಿನಿಮಾ ಎಂದರೆ ಮನೆಬಿಟ್ಟು ಓಡಿಹೋಗುವವರ ಪಾಡು ಎಂದು ಮನೆಮಂದಿ ಬೆದರುತ್ತಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನವು ಅದನ್ನು ಡಿಪ್ಲೊಮಾ ಕೊಡಬಹುದಾದ ಕಸುಬೆಂದು ಬಗೆಯಿತು. ಇದು ಸಣ್ಣ ಧೈರ್ಯವಲ್ಲ.

ಅಲ್ಲಿ ಕಲಿತ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು 1923ರಲ್ಲಿ ಮೈಸೂರಿನಲ್ಲಿ ಜನಿಸಿದ ವಿ. ಕೆ. ಮೂರ್ತಿ. ಪಿಟೀಲು ಬಲ್ಲವರು. ಮುಂಬಯಿಗೆ ಹೋಗಿ ಸಹಾಯಕರಾಗಿ ದುಡಿಯುತ್ತಿದ್ದಾಗ, 'ಬಾಝಿ' ಚಿತ್ರದ ಸಂದರ್ಭದಲ್ಲಿ ಗುರುದತ್ತರ ಕಣ್ಣಿಗೆ ಬಿದ್ದರು. ಗುರುದತ್ತ್ ಪಡುಕೋಣೆಯವರೂ ಬೆಂಗಳೂರಿನಲ್ಲೇ ಹುಟ್ಟಿದವರು! ಇಬ್ಬರೂ ಸೇರಿ 1959ರಲ್ಲಿ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ 'ಕಾಗಝ್ ಕೇ ಫೂಲ್' ಮಾಡಿದರು.

ಆ ಚಿತ್ರದ ಒಂದು ಹಾಡಿನಲ್ಲಿ, ಬರಿದಾದ ಸ್ಟುಡಿಯೋದ ಕತ್ತಲೊಳಗೆ ಮೇಲಿನಿಂದ ನೆಲದವರೆಗೆ ಬೆಳಕಿನ ಒಂದು ಕೋಲು ಇಳಿಯುತ್ತದೆ. ಸ್ಟುಡಿಯೋದ ದೀಪಗಳು ಹರಡಿಕೊಳ್ಳುವಂಥವು; ಅಷ್ಟು ನೇರವಾದ ಕಿರಣ ಅವುಗಳಿಂದ ಬಾರದು. ಮೂರ್ತಿಯವರು ಹೊರಗಿನ ಬಿಸಿಲಿಗೆ ದೊಡ್ಡದೊಂದು ಕನ್ನಡಿ ಒಡ್ಡಿ, ಅದರ ಪ್ರತಿಫಲನವನ್ನು ಒಳಗಿನ ಮತ್ತೊಂದು ಕನ್ನಡಿಗೆ ತಾಗಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಗಾಳಿಯಲ್ಲಿ ತುಸು ಹೊಗೆ ಬೆರೆಸಿದಾಗ ಕಿರಣಕ್ಕೆ ಆಕಾರ ಬಂತು. ಸೂರ್ಯ ಬಹುದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ ಎಂಬ ಹೈಸ್ಕೂಲಿನ ಭೌತಶಾಸ್ತ್ರವೇ ಇದರ ಹಿಂದಿನ ಗುಟ್ಟು.

ಇಂದು ಅದೇ ಕಿರಣವನ್ನು ಸಾಫ್ಟ್‌ವೇರಿನಲ್ಲಿ ಕ್ಷಣಾರ್ಧದಲ್ಲಿ ಬಿಡಿಸಬಹುದು, ಅದನ್ನು ಹಳಿಯಬೇಕಿಲ್ಲ. ಆದರೆ ಡಿಜಿಟಲ್ ಚಿತ್ರಕ್ಕೂ ತನ್ನದೇ ಮಿತಿಯುಂಟು. ನಾವು ಹಂಚಿಕೊಳ್ಳುವ ಸಾಮಾನ್ಯ ಜೆಪೆಗ್ ಚಿತ್ರದ ಪ್ರತಿ ಬಿಂದುವಿನಲ್ಲಿ ಕೆಂಪು, ಹಸಿರು, ನೀಲಿಗಳ ಪ್ರಮಾಣವು 0ರಿಂದ 255ರವರೆಗಿನ ಅಂಕಿಗಳಲ್ಲಿ ದಾಖಲಾಗುತ್ತದೆ. ವೇದಿಕೆಯ ದೀಪಕ್ಕೆ ಮಗುವಿನ ಮುಖದಲ್ಲಿ ಮೂರೂ 255 ಮುಟ್ಟಿಬಿಟ್ಟರೆ ಅಲ್ಲಿ ಉಳಿಯುವುದು ಬರಿಯ ಬಿಳುಪು. ಬಳಿಕ ಎಷ್ಟೇ ತಿದ್ದಿದರೂ, ಕಳೆದುಹೋದ ಕೆನ್ನೆಯ ನೆರಳು ಮರಳಿ ಬಾರದು. ಯಂತ್ರ ಊಹಿಸಿ ತುಂಬಬಹುದು, ಅಷ್ಟೆ. ಹೀಗಾಗಿ ಚಿತ್ರದ ಅರ್ಧ ತೀರ್ಮಾನ ಗುಂಡಿಯೊತ್ತುವ ಮೊದಲೇ ಆಗಿರುತ್ತದೆ. ಮೊದಲು ಬೆಳಕು, ಆಮೇಲೆ ಆ್ಯಪ್ ಎಂಬ ಕ್ರಮದಲ್ಲಿ ಮಕ್ಕಳಿಗೆ ಕಲಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಅದೇ ಪಾಲಿಟೆಕ್ನಿಕ್ಕಿನಿಂದ 1962ರಲ್ಲಿ ಹೊರಬಂದ ಗೋವಿಂದ ನಿಹಲಾನಿ ಮೂರ್ತಿಯವರ ಬಳಿಯೇ ಸಹಾಯಕರಾಗಿ ಪಳಗಿದರು. ಸಿನಿಮಾ ವಿಭಾಗವು ಬಳಿಕ ಹೆಸರಘಟ್ಟಕ್ಕೆ ತೆರಳಿ, ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಾಗಿ ಇಂದಿಗೂ ನಡೆಯುತ್ತಿದೆ. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿದ 1993ರ 'ಹೂವು ಹಣ್ಣು' ಚಿತ್ರದಲ್ಲಿ ಅವರ ಕೈಚಳಕವನ್ನು ಕನ್ನಡದಲ್ಲೇ ಕಾಣಬಹುದು.

ಕನ್ನಡಿಯ ಪ್ರಯೋಗವನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಊದ್ ಮೇಥಾದಲ್ಲಿ ಬಿಸಿಲಿಗೆ ಬರವಿಲ್ಲ. ಒಂದು ಕನ್ನಡಿ ಬಾಲ್ಕನಿಯಲ್ಲಿ, ಇನ್ನೊಂದು ಪರದೆ ಎಳೆದ ಕೋಣೆಯೊಳಗೆ. ಪ್ರತಿಫಲನ ಯಾರ ಕಣ್ಣಿಗೂ, ಎದುರು ಕಟ್ಟಡದ ಕಿಟಕಿಗೂ ತಾಗದಂತೆ ಹಿರಿಯರೊಬ್ಬರು ಜೊತೆಗಿರಬೇಕು.