ರೇಡಿಯೇಟರ್ ಫ್ಯಾನು: ದೋಷಪರೀಕ್ಷೆ

ಕಾರಿನ ಎಂಜಿನ್ನನ್ನು ತಣಿಸುವ ನೀರಿನ ಉಷ್ಣವನ್ನು ಗಾಳಿಗೆ ದಾಟಿಸಲು ನೆರವಾಗುವ ವಿದ್ಯುತ್ ಸಾಧನ. ವೇಗದ ಓಟದಲ್ಲಿ ಎದುರುಗಾಳಿಯೇ ಈ ಕಾರ್ಯವನ್ನು ಬಹುಮಟ್ಟಿಗೆ ನಿರ್ವಹಿಸುವುದರಿಂದ, ಕುಂತೂರಿನಿಂದ ಕೊಳ್ಳೇಗಾಲದವರೆಗಿನ ಬಯಲಿನಲ್ಲಿ ನಿರಾತಂಕವಾಗಿ ಸಾಗಿದ ಕಾರು, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟದ ತಿರುವುಗಳನ್ನು ಮಂದಗತಿಯಿಂದ ಏರತೊಡಗಿದೊಡನೆ ಕುದಿಯುವುದಾದರೆ, ಶಂಕೆ ಮೊದಲು ಫ್ಯಾನಿನ ಮೇಲೆಯೇ ಹೋಗತಕ್ಕದ್ದು. ನೀರು ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಫ್ಯಾನು ತಾನೇ ತಿರುಗಬೇಕು. ತಿರುಗದಿದ್ದಲ್ಲಿ ಮೊದಲು ಫ್ಯೂಸನ್ನೂ ಬಳಿಕ ರಿಲೇಯನ್ನೂ ನೋಡಿ, ಮೋಟಾರಿನ ತಂತಿಜೋಡಣೆಯನ್ನು ಕಳಚಿ, ಅದಕ್ಕೆ ನೇರವಾಗಿ ಬ್ಯಾಟರಿಯ 12 ವೋಲ್ಟ್ ಕೊಟ್ಟು ಪರೀಕ್ಷಿಸುವುದು. ಆಗಲೂ ನಿಶ್ಚಲವಾಗಿದ್ದರೆ ಮೋಟಾರೇ ಕೆಟ್ಟಿದೆ. ತಿರುಗಿದರೆ ದೋಷ ಉಷ್ಣದ ಸ್ವಿಚ್ಚಿನಲ್ಲೋ ತಂತಿಗಳಲ್ಲೋ ಇದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನಂತೂ ಎಂದಿಗೂ ತೆರೆಯಬಾರದು: ಒತ್ತಡದಲ್ಲಿರುವ ನೀರು ಚಿಮ್ಮಿ ಮುಖವನ್ನೇ ಸುಡುತ್ತದೆ.